ಆಷಾಢದ ಗಾಳಿಯಲ್ಲಿ ಬಾವನ್ ಬಂಡೆ ಕೋಟೆ ಹತ್ತುವವರಿಗೆ

ಬಾವನ್ ಬಂಡೆ ಕೋಟೆ ಇರುವ ಬಾದಾಮಿಯ ಉತ್ತರ ಗುಡ್ಡಕ್ಕೆ ಹಾದಿ ಶುರುವಾಗುವುದು ವಸ್ತುಸಂಗ್ರಹಾಲಯದ ಮಗ್ಗುಲಿನಿಂದ. ಮೇಲಣ ಶಿವಾಲಯಕ್ಕೆ ಮುಟ್ಟಲು ಅರ್ಧ-ಮುಕ್ಕಾಲು ತಾಸು ಸಾಕು. ಏರು ಅಷ್ಟೇನೂ ಕಷ್ಟವಲ್ಲ, ಕಷ್ಟ ಕೊಡುವುದು ಗಾಳಿ. ಬಿಸಿಲೇರಿದಂತೆ ಅದರ ಜೋರೂ ಏರುವುದರಿಂದ ಬೆಳಗಿನ ಹೊತ್ತೇ ಒಳ್ಳೆಯದು. ಬಾಗಿಲು ಎಷ್ಟಕ್ಕೆ ತೆಗೆಯುತ್ತಾರೆ ಎಂದು ಹಿಂದಿನ ದಿನವೇ ಕಾವಲುಗಾರರನ್ನು ಕೇಳಿಟ್ಟುಕೊಳ್ಳಿ.

ಹೊರಡುವ ಮುಂಚೆ ಅಗಸ್ತ್ಯ ತೀರ್ಥದ ನೀರು ನೋಡಿ. ಸಣ್ಣ ತೆರೆಗಳಿದ್ದರೆ ನಡೆಯುತ್ತದೆ. ಕೆರೆಯ ತುಂಬ ಬಿಳಿ ನೊರೆ ಎದ್ದಿದ್ದರೆ ಕೆಳಗಣ ಶಿವಾಲಯದವರೆಗೆ ಹೋಗಿ ಬನ್ನಿ, ಬುರುಜುಗಳ ಆಸೆ ಬಿಡಿ.

ಹಾದಿಯ ಮೊದಲ ಭಾಗ ಎರಡು ಬಂಡೆಗಳ ನಡುವಿನ ಆಳವಾದ ಸಂದಿ. ಒಳಗಿನ ತಿರುವುಗಳಲ್ಲಿ ಎಲೆಯೂ ಅಲುಗುವುದಿಲ್ಲ, ಅದನ್ನು ನಂಬಿ ಮೋಸಹೋಗುವವರೇ ಹೆಚ್ಚು. ಸಂದಿಯ ಬಾಯಿಗೆ ಬಂದೊಡನೆ ಗಾಳಿ ಒಮ್ಮೆಲೇ ಮೈಮೇಲೆ ಬೀಳುತ್ತದೆ, ಇಕ್ಕಟ್ಟಿನಲ್ಲಿ ನುಗ್ಗುವಾಗ ಅದರ ವೇಗ ಹೆಚ್ಚುತ್ತದೆ. ಅಲ್ಲಿ ಒಂದು ಕೈ ಬಂಡೆಯ ಮೇಲಿರಲಿ, ಟೊಪ್ಪಿಗೆ ಚೀಲದೊಳಗಿರಲಿ. ತಲೆಗೆ ಟವೆಲ್ ಬಿಗಿದು ಸುತ್ತಿದರೆ ಅದಕ್ಕಿಂತ ಒಳ್ಳೆಯ ರುಮಾಲು ಬೇರೆ ಬೇಡ. ಛತ್ರಿ ಮಾತ್ರ ಮನೆಯಲ್ಲೇ ಬಿಡಿ.

ಕಾಲಿನ ವಿಷಯ. ಇದು ಮರಳುಗಲ್ಲು, ಸವೆದು ಉದುರಿದ ಮರಳು ಮೆಟ್ಟಿಲಿನ ಮೇಲೆ ಕೂತಿರುತ್ತದೆ, ಅದರ ಮೇಲೆ ಕಾಲಿಟ್ಟರೆ ಜೋಳದ ಕಾಳಿನ ಮೇಲೆ ಕಾಲಿಟ್ಟಂತೆಯೇ. ಜಾರುವವರು ಬಹುತೇಕ ಇಳಿಯುವಾಗ ಜಾರುತ್ತಾರೆ. ಅಟ್ಟೆ ಸವೆದ ಚಪ್ಪಲಿ ಬೇಡ, ಹಲ್ಲಿರುವ ಬೂಟು ಹಾಕಿ. ಎತ್ತರದ ಮೆಟ್ಟಿಲುಗಳನ್ನು ಅಡ್ಡಡ್ಡವಾಗಿ ಇಳಿಯಿರಿ. ತುಂತುರು ಬಿದ್ದರೆ ಆ ಮರಳು ಧೂಳಿನೊಂದಿಗೆ ಕಲಸಿ ಇನ್ನೂ ಜಾರುತ್ತದೆ, ಕಲ್ಲು ಒಣಗುವವರೆಗೆ ಕಾಯಿರಿ.

ಬುರುಜುಗಳ ಬಳಿ ಅಂಚಿನಿಂದ ಕನಿಷ್ಠ ಮೂರು ಮಾರು ದೂರ ನಿಲ್ಲಿ. ಬಂಡೆಗೆ ಬಡಿದ ಗಾಳಿ ಮೇಲೇರಿ ಅಂಚಿನಲ್ಲೇ ಅತಿ ಜೋರಾಗುತ್ತದೆ. ಬೀಸುವ ಗಾಳಿಗಿಂತ ನಿಲ್ಲುವ ಗಾಳಿ ಅಪಾಯ: ಎದುರುಗಾಳಿಗೆ ಮೈ ಬಾಗಿಸಿ ನಿಂತವರು ಅದು ತಟ್ಟನೆ ತಗ್ಗಿದಾಗ ಮುಂದಕ್ಕೆ ಮುಗ್ಗರಿಸುತ್ತಾರೆ. ಫೋಟೊ ಕೂತೇ ತೆಗೆಯಿರಿ. ಕಣ್ಣಿಗೆ ಮರಳು ಬಿದ್ದರೆ ಉಜ್ಜಬೇಡಿ, ನೀರು ಹಾಕಿ ತೊಳೆಯಿರಿ.

ಈ ಗಾಳಿ ಬೆವರನ್ನು ಮೂಡುವ ಮೊದಲೇ ಒಣಗಿಸುವುದರಿಂದ ನೀರಡಿಕೆ ಗೊತ್ತಾಗುವುದಿಲ್ಲ, ತಲೆನೋವು ಬಂದಾಗ ಗೊತ್ತಾಗುತ್ತದೆ. ತಲಾ ಎರಡು ಲೀಟರ್ ನೀರು ಒಯ್ಯಿರಿ, ಕಾಲು ತಾಸಿಗೊಮ್ಮೆ ಎರಡು ಗುಟುಕು ಕುಡಿಯಿರಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಚುರುಮುರಿ ತಂದರೆ ಅರ್ಧ ಕೆರೆಯ ಪಾಲು. ಎಲ್ಲವೂ ಬೆನ್ನಿನ ಚೀಲದೊಳಗಿರಲಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಮಂಗಗಳು ಕಸಿದುಕೊಳ್ಳದೆ ಬಿಡುವುದಿಲ್ಲ. ಬಂಡೆಯಲ್ಲಿ ಹೆಜ್ಜೇನು ಗೂಡು ಕಂಡರೆ ಕೂಗಾಡದೆ, ಬೀಡಿ ಹೊತ್ತಿಸದೆ ದಾಟಿ.

ಉಣ್ಣಲು ಮೇಲಣ ಶಿವಾಲಯದ ಪೂರ್ವ ಮಗ್ಗುಲು ನೋಡಿ. ಆಷಾಢದಲ್ಲಿ ಗಾಳಿ ಪಡುವಣದಿಂದ ಬರುವುದರಿಂದ ಗುಡಿಯ ಗೋಡೆಯೇ ಅದನ್ನು ತಡೆಯುತ್ತದೆ, ರೊಟ್ಟಿಯ ಮೇಲೆ ಮರಳೂ ಬೀಳುವುದಿಲ್ಲ.