ಪಂಕ್ತಿಗೆ ಒಬ್ಬರು: ಪುಟ್ಟ ವಿಮಾನ ಹಾರಿಸುವವನ ಸಾವಿನ ಲೆಕ್ಕ

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ವಿಮಾನ ನಿಲ್ದಾಣದಿಂದ ನಾನು ಹನ್ನೊಂದು ವರ್ಷಗಳಿಂದ ಬಾಡಿಗೆಯ ಸೆಸ್ನಾ 172 ಹಾರಿಸುತ್ತಿದ್ದೇನೆ. ಕಲಿಯುವ ದಿನಗಳಲ್ಲಿ ಅಮ್ಮ ಊರಿನಿಂದ ಫೋನ್ ಮಾಡಿ ಆತಂಕ ತೋಡಿಕೊಂಡಾಗಲೆಲ್ಲ, ವಿಮಾನಕ್ಕಿಂತ ನಿಲ್ದಾಣಕ್ಕೆ ಹೋಗುವ ರಸ್ತೆಯೇ ಹೆಚ್ಚು ಅಪಾಯವೆಂದು ಸಮಾಧಾನ ಹೇಳುತ್ತಿದ್ದೆ. ಏರ್‌ಲೈನ್‌ಗಳ ದೊಡ್ಡ ವಿಮಾನಗಳ ಮಟ್ಟಿಗೆ ನಿಜವಾದ ಆ ಮಾತು ನಮ್ಮ ನಾಲ್ಕು ಆಸನದ ವಿಮಾನಕ್ಕೆ ಅನ್ವಯಿಸುವುದಿಲ್ಲವೆಂದು ನನಗೆ ಹೊಳೆದದ್ದು ಲೈಸೆನ್ಸ್ ಸಿಕ್ಕ ಮೇಲೆ, ಅದೂ ಜೀವವಿಮೆಯ ಅರ್ಜಿ ತುಂಬುವಾಗ. ಕಳೆದ ವರ್ಷ ಎಷ್ಟು ಗಂಟೆ ಹಾರಿದ್ದೀರಿ, ಬರುವ ವರ್ಷ ಎಷ್ಟು ಹಾರುವಿರಿ ಎಂದು ಅದರಲ್ಲಿ ಕೇಳಿತ್ತು. ವಿಮೆಯವರು ಗಂಟೆ ಎಣಿಸುತ್ತಾರೆಂದ ಮೇಲೆ ನಾನೂ ಎಣಿಸುವುದು ಲೇಸೆನಿಸಿತು.

ಅಮೆರಿಕದಲ್ಲಿ ಏರ್‌ಲೈನ್‌ಗಳನ್ನು ಬಿಟ್ಟು ಉಳಿದ ನಾಗರಿಕ ಹಾರಾಟದಲ್ಲಿ ಸ್ಥೂಲವಾಗಿ 1,00,000 ಗಂಟೆಗೆ ಒಂದು ಮಾರಣಾಂತಿಕ ಅಪಘಾತವಾಗುತ್ತದೆ. ಹತ್ತು ಲಕ್ಷದಲ್ಲಿ ಒಂದರಷ್ಟು ಸಾವಿನ ಸಂಭವಕ್ಕೆ ಮೈಕ್ರೋಮಾರ್ಟ್ ಎಂದು ಹೆಸರಿಟ್ಟವರು ನಮ್ಮ ರನ್‌ವೇಯಿಂದ ಕೆಲವೇ ಮೈಲಿ ದೂರದ ಸ್ಟ್ಯಾನ್‌ಫರ್ಡಿನ ರೊನಾಲ್ಡ್ ಹೊವಾರ್ಡ್. ಆ ಅಳತೆಯಲ್ಲಿ ಒಂದು ಗಂಟೆಯ ಹಾರಾಟವೆಂದರೆ ಹತ್ತು ಮೈಕ್ರೋಮಾರ್ಟ್. ಅಮೆರಿಕದ ರಸ್ತೆಗಳಲ್ಲಿ ಒಂದು ಗಂಟೆ ಮೋಟಾರ್‌ಸೈಕಲ್ ಓಡಿಸುವುದಕ್ಕೆ ಇದು ಸರಿಸುಮಾರು ಸಮ, ಕಾರಿಗೆ ಹೋಲಿಸಿದರೆ ಹಲವು ಪಟ್ಟು ಹೆಚ್ಚು.

ವರ್ಷಕ್ಕೆ 60 ಗಂಟೆ ಹಾರಿದರೆ ಆ ವರ್ಷ ಸಾಯುವ ಸಂಭವ ಸುಮಾರು 1,667ರಲ್ಲಿ ಒಂದು. ಹೀಗೆಯೇ ಇಪ್ಪತ್ತು ವರ್ಷ ಹಾರಿದರೆ ಸುಮಾರು 83ರಲ್ಲಿ ಒಂದು. ಈ ಕೊನೆಯ ಅಂಕಿಯನ್ನು ಹೆಂಡತಿಗೆ ತೋರಿಸಿದಾಗ ಅವಳು, ‘ರೀ, ಮದುವೆಯೂಟದಲ್ಲಿ ಪಂಕ್ತಿಗೆ ಒಬ್ಬರು ಅಂತಾಯಿತಲ್ಲ’ ಎಂದಳು. ವರ್ಷದ ಅಂಕಿಯನ್ನಷ್ಟೇ ತೋರಿಸಿದ್ದರೆ ಅವಳು ಸುಮ್ಮನಿರುತ್ತಿದ್ದಳೇನೋ, ನಾನೂ ಸುಮ್ಮನಿರುತ್ತಿದ್ದೆ.

ನನ್ನ ಮೊದಲ ಉತ್ತರ ಎಲ್ಲ ಪೈಲಟ್‌ಗಳೂ ಕೊಡುವ ಉತ್ತರವೇ ಆಗಿತ್ತು. ಸಣ್ಣ ವಿಮಾನಗಳ ಅಪಘಾತಗಳಲ್ಲಿ ಮುಕ್ಕಾಲು ಭಾಗದಷ್ಟಕ್ಕೆ ಪೈಲಟ್‌ನ ತಪ್ಪೇ ಕಾರಣವೆಂದು ವರದಿಗಳು ಹೇಳುತ್ತವೆ: ಇಂಧನ ಮುಗಿಸಿಕೊಳ್ಳುವುದು, ಉಪಕರಣ ನೋಡಿ ಹಾರುವ ತರಬೇತಿಯಿಲ್ಲದೆ ಮೋಡದೊಳಗೆ ಹೋಗುವುದು, ನಿಧಾನವಾಗಿ ತಿರುಗುವಾಗ ಸ್ಟಾಲ್ ಆಗುವುದು, ಎಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದೆ ಹೋಗುವುದು. ನಾನು ಇವನ್ನು ಮಾಡುವುದಿಲ್ಲವಾದ್ದರಿಂದ ನನ್ನ ಅಪಾಯ ಕಾಲುಭಾಗ ಮಾತ್ರ ಎಂದು ವಾದಿಸಿದೆ.

ಆ ವಾದ ಮುರಿದದ್ದು ಟ್ರಕೀ ಎಂಬಲ್ಲಿ, ನನ್ನ ಲಾಗ್‌ಬುಕ್‌ನಲ್ಲಿ ಸುಮಾರು 140 ಗಂಟೆಗಳಿದ್ದಾಗ. ಟಾಹೋ ಸರೋವರದ ಸಮೀಪದ ಈ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 5,900 ಅಡಿ ಎತ್ತರದಲ್ಲಿದೆ. ಜುಲೈ ತಿಂಗಳ ಮಧ್ಯಾಹ್ನ ತಾಪಮಾನ 30 ಡಿಗ್ರಿ ಮುಟ್ಟಿದರೆ ಅಲ್ಲಿನ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಆ ರನ್‌ವೇ 9,000 ಅಡಿ ಎತ್ತರದಲ್ಲಿದ್ದಂತೆಯೇ ಸರಿ. ಇದು ಪರೀಕ್ಷೆಯಲ್ಲಿ ನಾನೇ ಸರಿಯಾಗಿ ಬಿಡಿಸಿದ್ದ ಲೆಕ್ಕ. ಆದರೂ ಬೆಳಿಗ್ಗೆ ಹೊರಡಬೇಕಿದ್ದವನು ಗೆಳೆಯರ ಜೊತೆ ಊಟ ಮುಗಿಸಿ, ಇಬ್ಬರನ್ನು ಕೂರಿಸಿಕೊಂಡು ಎರಡು ಗಂಟೆಗೆ ಹೊರಟೆ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 700 ಅಡಿ ಏರುವ ವಿಮಾನ ಅಂದು 300 ಅಡಿಯೂ ಏರಲಿಲ್ಲ. ಎದುರಿನ ಪೈನ್ ಮರಗಳು ಕೆಳಗೆ ಸರಿಯುವುದನ್ನೇ ಕಾಯುತ್ತ, ಎತ್ತಿದರೆ ಸ್ಟಾಲ್ ಆದೀತೆಂದು, ಮೂತಿಯನ್ನು ಮೇಲೆತ್ತಬೇಕೆಂಬ ಕೈಯ ತುಡಿತವನ್ನು ತಡೆಹಿಡಿದು ಕುಳಿತೆ. ಹಿಂದಿನ ಸೀಟಿನಲ್ಲಿದ್ದ ಗೆಳೆಯ ಫೋಟೊ ತೆಗೆಯುತ್ತಿದ್ದ.

ಸತ್ತವರಿಗೂ ನಿಯಮಗಳು ಗೊತ್ತಿದ್ದವು ಎಂಬುದು ಅಂದು ನನಗೆ ಮನದಟ್ಟಾಯಿತು. ಇನ್ನೊಂದು ವಿಷಯವನ್ನೂ ನಾನು ಅನುಕೂಲಕ್ಕೆ ತಕ್ಕಂತೆ ಮರೆತಿದ್ದೆ. ಆ ಒಂದು ಲಕ್ಷ ಗಂಟೆಗಳಲ್ಲಿ ಬೋಧಕರು ಪಕ್ಕದಲ್ಲಿ ಕೂತ ತರಬೇತಿಯ ಗಂಟೆಗಳೂ, ಇಬ್ಬರು ವೃತ್ತಿಪರ ಪೈಲಟ್‌ಗಳು ಹಾರಿಸುವ ಕಂಪನಿ ಜೆಟ್‌ಗಳ ಗಂಟೆಗಳೂ ಸೇರಿವೆ. ಬರಿಯ ಖುಷಿಗಾಗಿ ಹಾರುವ ನನ್ನಂಥವರ ಪ್ರಮಾಣ ಸರಾಸರಿಗಿಂತ ಮೇಲಿದೆ. ಆದ್ದರಿಂದ ನನ್ನ ಶಿಸ್ತಿನಿಂದ ಎಷ್ಟೇ ಕಡಿಮೆಯಾದರೂ ಅದು ಈ ಹೆಚ್ಚಳಕ್ಕೆ ವಜಾ ಆಗಲಿ, ಲಕ್ಷಕ್ಕೆ ಒಂದಕ್ಕಿಂತ ಕಡಿಮೆಯ ಅಂಕಿಯನ್ನು ನನಗೆ ನಾನೇ ಕೊಟ್ಟುಕೊಳ್ಳಬಾರದು ಎಂದು ತೀರ್ಮಾನಿಸಿದೆ. ಹಾಗಾದರೆ ಹಾರುವ ಗಂಟೆಗಳನ್ನೇ ಇಳಿಸಬಹುದಲ್ಲ ಎಂದರೆ, ಕೈ ಜಡ್ಡುಗಟ್ಟಿ ಪ್ರತಿ ಗಂಟೆಯ ಅಪಾಯ ಏರುತ್ತದೆ. ವರ್ಷಕ್ಕೆ 20 ಗಂಟೆ ಹಾರುವವನಾಗಿರುವುದಕ್ಕಿಂತ ಪೂರ್ತಿ ಬಿಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಹಗಲಿನ ಹಾರಾಟಕ್ಕೆ ಕಾನೂನು ಕೇಳುವುದು 30 ನಿಮಿಷದ ಹೆಚ್ಚುವರಿ ಇಂಧನ, ನಾನು ಒಂದು ಗಂಟೆಯದ್ದು ಇಟ್ಟುಕೊಳ್ಳುತ್ತೇನೆ. ಜನರನ್ನು ಕೂರಿಸಿಕೊಳ್ಳಲು ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಸಾಕು, ನನಗೆ ಅವು 30 ದಿನಗಳಲ್ಲಿ ಆಗಿರಬೇಕು. ರಾತ್ರಿ ಬೆಟ್ಟದ ಮೇಲೆ ಹಾರುವುದಿಲ್ಲ. ಹೊರಡುವ ಮುನ್ನವೇ, ಹೋದ ಊರಿನಲ್ಲಿ ರಾತ್ರಿ ಉಳಿಯಬೇಕಾಗಿ ಬಂದರೆ ಬೇಕಾಗುವ ಹೋಟೆಲಿನ ಖರ್ಚನ್ನು ಆಗಲೇ ಖರ್ಚಾಯಿತೆಂದು ಬರೆದಿಡುತ್ತೇನೆ. ಸೋಮವಾರ ಆಫೀಸಿಗೆ ಹೋಗಲೇಬೇಕೆಂಬ ಒತ್ತಡ ಇದರಿಂದ ಎಷ್ಟು ಸಡಿಲವಾಗುತ್ತದೆಂಬುದು ನನಗೇ ಆಶ್ಚರ್ಯ.

ಹೆಂಡತಿಯದು ಒಂದೇ ಷರತ್ತು: ಮಗಳು ಓದು ಮುಗಿಸುವವರೆಗೆ ನಾವಿಬ್ಬರೂ ಒಟ್ಟಿಗೆ ಈ ವಿಮಾನ ಹತ್ತುವಂತಿಲ್ಲ. ಮಗಳನ್ನು ಕರೆದೊಯ್ಯುವ ಪ್ರಶ್ನೆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ, ಏಕೆಂದರೆ ಪಂಕ್ತಿಯಲ್ಲಿ ನಾನು ಕೂರುವುದು ನನ್ನ ಇಚ್ಛೆ, ಅವಳನ್ನು ಕೂರಿಸುವುದು ಬೇರೆ ಮಾತು.

ಲಾಗ್‌ಬುಕ್‌ನ ಕೊನೆಯ ಪುಟಗಳಲ್ಲಿ ಈಗ ಹಾರದೆ ಬಿಟ್ಟ ದಿನಗಳನ್ನೂ ಬರೆಯುತ್ತೇನೆ. ಕಳೆದ ವರ್ಷ 54 ಗಂಟೆ ಹಾರಿದೆ, ಹನ್ನೊಂದು ಸಲ ಕೀಲಿಯನ್ನು ಹಿಂದಿರುಗಿಸಿದೆ. ಆ ಹನ್ನೊಂದರಲ್ಲಿ ಏಳು ದಿನ ಮಧ್ಯಾಹ್ನದ ಹೊತ್ತಿಗೆ ಆಕಾಶ ತಿಳಿಯಾಗಿತ್ತು; ಅದನ್ನೂ ಬರೆದಿದ್ದೇನೆ.