ಜೇಬಲ್ಲಿ ಇಟ್ಕೊಂಡು ಓಡಾಡೋ ಲಿನಕ್ಸ್: ನಾನ್ ಮಾಡ್ಕೊಂಡ ರೀತಿ

ನಾನು ಹೈಸ್ಕೂಲ್ ಮೇಷ್ಟ್ರು. ಸ್ಕೂಲ್ ಲ್ಯಾಬಲ್ಲಿ ಒಂದ್ ಕಂಪ್ಯೂಟರ್, ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಆಫೀಸಲ್ಲಿ ಇನ್ನೊಂದು, ಮನೇಲಿ ಮಕ್ಕಳು ಬಿಟ್ಟುಕೊಟ್ರೆ ಮೂರನೇದು, ಹೀಗೆ ಎಲ್ಲಿ ಸಿಗುತ್ತೋ ಅಲ್ಲಿ ಕೂತು ಕೆಲಸ ಮಾಡೋನು. ಪ್ರಶ್ನೆಪತ್ರಿಕೆ ಟೈಪ್ ಮಾಡೋಕೆ ಕೂತ್ರೆ ಒಂದ್ರಲ್ಲಿ ಹಳೇ ನುಡಿ ಸಾಫ್ಟ್‌ವೇರ್ ಇರುತ್ತೆ, ಇನ್ನೊಂದ್ರಲ್ಲಿ ಆ ಫಾಂಟೇ ಇರಲ್ಲ, ಫೈಲ್ ತೆಗೆದ್ರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಚೆಲ್ಲಾಪಿಲ್ಲಿ ಬಿದ್ದಿರ್ತವೆ, ಅದನ್ನ ಸರಿ ಮಾಡೋಷ್ಟರಲ್ಲಿ ಸಂಜೆ ಬಸ್ ಟೈಮ್ ಆಗಿರುತ್ತೆ. ಅದಕ್ಕೇ ಆಪರೇಟಿಂಗ್ ಸಿಸ್ಟಮ್ಮೇ ಜೇಬಲ್ಲಿ ಇಟ್ಕೊಂಡು ಹೋದ್ರೆ ಹೇಗೆ ಅಂತ ಯೋಚ್ನೆ ಬಂತು. ಸಿಕ್ಕಿದ ಕಂಪ್ಯೂಟರಿಗೆ ಚುಚ್ಚೋದು, ಆನ್ ಮಾಡೋದು, ನನ್ನ ಕೀಬೋರ್ಡು, ನನ್ನ ಫಾಂಟು, ನನ್ನ ಫೈಲು.

ಮೊದಲ್ನೇ ಸಲ, ಕಂಪ್ಯೂಟರ್ ಬೂಟ್ ಆಗೋ (ಎದ್ದೇಳೋ) ಪೆನ್‌ಡ್ರೈವ್ ಮಾಡಿಕೊಡೋ ರೂಫಸ್ ಅನ್ನೋ ಟೂಲ್ ತಗೊಂಡು 16 ಜಿಬಿ ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಥರಾನೇ ಒಂದು ಆಪರೇಟಿಂಗ್ ಸಿಸ್ಟಮ್) ಐಎಸ್ಒ, ಅಂದ್ರೆ ಇಡೀ ಸಿಸ್ಟಮ್ ಇರೋ ಒಂದೇ ಫೈಲ್, ಹಾಕ್ದೆ, ಅದ್ರಲ್ಲಿ ಪರ್ಸಿಸ್ಟೆಂಟ್ ಪಾರ್ಟಿಷನ್ (ಡ್ರೈವಲ್ಲಿ ಬೇರೆ ಮಾಡಿದ ಒಂದು ಭಾಗ) ಅಂತ ಒಂದ್ ಸ್ಲೈಡರ್ ಇದೆ, ಅದನ್ನ ಎಳೆದ್ರೆ ನಾವು ಮಾಡಿದ್ದೆಲ್ಲ ಉಳ್ಕೊಳುತ್ತೆ. ಉಳ್ಕೊಳ್ತು ಕೂಡ. ಆದ್ರೆ ಅದು ಲೈವ್ ಸಿಸ್ಟಮ್ಮೇ (ಇನ್‌ಸ್ಟಾಲ್ ಮಾಡದೆ ಹಾಗೇ ಓಡೋದು), ಮೂಲ ಐಎಸ್ಒ ಮೇಲೆ ನಮ್ ಬದಲಾವಣೆಗಳನ್ನ ಹೊದಿಸಿದ ಹಾಗೆ. ಅಪ್‌ಡೇಟ್ ಮಾಡಿದ್ರೆ ಹಳೇದೂ ಇರುತ್ತೆ ಹೊಸದೂ ಸೇರುತ್ತೆ, ಜಾಗ ಬೇಗ ಮುಗಿಯುತ್ತೆ, ಹೊಸ ಕರ್ನಲ್ (ಸಿಸ್ಟಮ್ಮಿನ ತಿರುಳು) ಇನ್‌ಸ್ಟಾಲ್ ಆದ್ರೂ ಬೂಟ್ ಆಗೋದು ಐಎಸ್ಒ ಜೊತೆ ಬಂದ ಹಳೇ ಕರ್ನಲ್ಲೇ. ಒಂದ್ ವಾರ ಟ್ರೈ ಮಾಡೋಕೆ ಸಾಕು, ದಿನಾ ಕೆಲಸಕ್ಕೆ ಆಗಲ್ಲ ಅನ್ಸಿ, ಹಾರ್ಡ್‌ಡಿಸ್ಕಿಗೆ ಹೇಗೆ ಇನ್‌ಸ್ಟಾಲ್ ಮಾಡ್ತೀವೋ ಹಾಗೇ ಯುಎಸ್‌ಬಿಗೆ ಪೂರ್ತಿ ಇನ್‌ಸ್ಟಾಲ್ ಮಾಡೋದು ಅಂತ ತೀರ್ಮಾನ ಮಾಡ್ದೆ.

ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೊಳ್ತಾರೆ, ಇದಕ್ಕೆ ಎರಡು ಡ್ರೈವ್ ಬೇಕು. ಒಂದು ಇನ್‌ಸ್ಟಾಲರ್ ಇರೋ ಪೆನ್‌ಡ್ರೈವ್, ಇನ್ನೊಂದು ಸಿಸ್ಟಮ್ ಹೋಗಿ ಕೂರಬೇಕಾದ ಡ್ರೈವ್. ಮೊದಲ್ನೇದಕ್ಕೆ ವೆಂಟಾಯ್ (ಐಎಸ್ಒ ಫೈಲಿಂದ ನೇರ ಬೂಟ್ ಮಾಡಿಸೋ ಟೂಲ್) ಹಾಕಿ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯ ಐಎಸ್ಒ ಕಾಪಿ ಮಾಡ್ದೆ, ಫೈಲ್ ಕೆಟ್ಟಿಲ್ಲ ಅಂತ ಚೆಕ್‌ಸಮ್ ತಾಳೆ ನೋಡ್ದೆ. ಎರಡನೇದಕ್ಕೆ ಆನ್‌ಲೈನಲ್ಲಿ ಕಮ್ಮಿ ರೇಟಿಗೆ ಸಿಕ್ತು ಅಂತ 128 ಜಿಬಿ ಪೆನ್‌ಡ್ರೈವ್ ತರಿಸಿದ್ದೆ, ಎಫ್3 ಅನ್ನೋ ಟೂಲಲ್ಲಿ ಪರೀಕ್ಷೆ ಮಾಡಿದ್ರೆ ಒಳಗಿರೋದು ಬರೀ 8 ಜಿಬಿ, ಮಿಕ್ಕಿದ್ದು ಸುಳ್ಳು. ದಯವಿಟ್ಟು ಹೊಸ ಡ್ರೈವ್ ಬಂದ ತಕ್ಷಣ ಈ ಪರೀಕ್ಷೆ ಮಾಡಿ, ವಿಂಡೋಸಲ್ಲಿ ಅದು 128 ಅಂತಾನೇ ತೋರಿಸ್ತಿತ್ತು. ಕೊನೆಗೆ ಹಳೇ ಲ್ಯಾಪ್‌ಟಾಪಿಂದ ಬಿಚ್ಚಿಟ್ಟಿದ್ದ 240 ಜಿಬಿ ಎಸ್‌ಎಸ್‌ಡಿ ಇತ್ತು, ಅದಕ್ಕೊಂದು ಯುಎಸ್‌ಬಿ 3.0 ಕೇಸ್ ತಂದು ಹಾಕ್ದೆ. ಸಾಮಾನ್ಯ ಪೆನ್‌ಡ್ರೈವಿಗೂ ಇದಕ್ಕೂ ಅಜಗಜಾಂತರ, ಯಾಕಂದ್ರೆ ಸಿಸ್ಟಮ್ ಓಡುವಾಗ ಚಿಕ್ಕ ಚಿಕ್ಕ ಫೈಲ್‌ಗಳನ್ನ ಅಲ್ಲಲ್ಲಿ ಬರೀತಾನೇ ಇರುತ್ತೆ, ಪೆನ್‌ಡ್ರೈವ್ ಅದ್ರಲ್ಲೇ ಸೋಲೋದು.

ನಮ್ ಮನೆ ಕಂಪ್ಯೂಟರ್ ತೀರಾ ಹಳೇದು, ಅದಕ್ಕೆ ಅಕ್ಕನ ಮಗನ ಲ್ಯಾಪ್‌ಟಾಪಲ್ಲಿ ಇನ್‌ಸ್ಟಾಲ್ ಮಾಡೋಕೆ ಕೂತೆ. ಇನ್‌ಸ್ಟಾಲರಲ್ಲಿ ಬೂಟ್‌ಲೋಡರ್ (ಸಿಸ್ಟಮ್ಮನ್ನ ಎಬ್ಬಿಸೋ ಚಿಕ್ಕ ಪ್ರೋಗ್ರಾಂ, ಮಿಂಟಲ್ಲಿ ಅದರ ಹೆಸರು ಗ್ರಬ್) ಎಲ್ಲಿ ಹಾಕ್ಬೇಕು ಅಂತ ಕೇಳುತ್ತೆ, ನಾನು ಸರಿಯಾಗಿ ಯುಎಸ್‌ಬಿ ಡ್ರೈವನ್ನೇ ಆರಿಸ್ದೆ. ಎಲ್ಲಾ ಚೆನ್ನಾಗಿ ಮುಗೀತು, ಡ್ರೈವ್ ಕಿತ್ಕೊಂಡು ಊರಿಗೆ ಬಂದೆ. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಫೋನು. "ಮಾಮಾ, ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ, ಕಪ್ಪು ಸ್ಕ್ರೀನಲ್ಲಿ ಗ್ರಬ್ ಅಂತ ಬರ್ತಿದೆ, ಇವತ್ತು ಪ್ರಾಜೆಕ್ಟ್ ಸಬ್ಮಿಟ್ ಮಾಡ್ಬೇಕು." ಹುಡುಗನ ಧ್ವನಿ ನಡುಗ್ತಿತ್ತು, ನನಗೆ ಕೈಕಾಲೇ ಆಡಲಿಲ್ಲ.

ಆಗಿದ್ದೇನು ಅಂದ್ರೆ, ಯುಇಎಫ್ಐ ಮೋಡಲ್ಲಿ (ಈಗಿನ ಕಂಪ್ಯೂಟರ್‌ಗಳು ಬೂಟ್ ಆಗೋ ರೀತಿ, ಹಳೇದಕ್ಕೆ ಬಯೋಸ್ ಅಂತಾರೆ) ಈ ಇನ್‌ಸ್ಟಾಲರ್ ನಾವು ಆರಿಸಿದ ಡ್ರೈವನ್ನ ಲೆಕ್ಕಕ್ಕೇ ತಗೊಳಲ್ಲ, ಲ್ಯಾಪ್‌ಟಾಪ್ ಒಳಗಿನ ಡಿಸ್ಕಲ್ಲಿ ಮೊದಲಿಂದ ಇರೋ ಇಎಫ್ಐ ಪಾರ್ಟಿಷನಲ್ಲೇ (ಬೂಟ್‌ಲೋಡರ್‌ಗಳು ಇರೋ ಜಾಗ) ಗ್ರಬ್ ಕೂರಿಸಿ, ಬೂಟ್ ಆರ್ಡರಲ್ಲಿ ಅದನ್ನ ಮೊದಲ್ನೇದಾಗಿ ಇಟ್ಟುಬಿಡುತ್ತೆ. ಆ ಗ್ರಬ್ ಹುಡುಕೋದು ನನ್ನ ಜೇಬಲ್ಲಿರೋ ಎಸ್‌ಎಸ್‌ಡಿನ. ಅದು ಸಿಗದೇ ಇದ್ದಾಗ ಕಪ್ಪು ಸ್ಕ್ರೀನಲ್ಲಿ ನಿಂತ್ಕೊಳುತ್ತೆ. ಅದೃಷ್ಟಕ್ಕೆ ವಿಂಡೋಸಿಗೆ ಏನೂ ಆಗಿರ್ಲಿಲ್ಲ, ಎಫ್12 ಒತ್ತಿ ಬೂಟ್ ಮೆನು ತೆಗೆಸಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸು ಅಂತ ಫೋನಲ್ಲೇ ಹೇಳ್ದೆ, ಎದ್ದೇಳ್ತು. ಭಾನುವಾರ ಹೋಗಿ ಇಎಫ್ಐ ಬೂಟ್ ಮ್ಯಾನೇಜರ್ ಕಮಾಂಡಲ್ಲಿ ಆ ಉಬುಂಟು ಎಂಟ್ರಿ (ಮಿಂಟಿನ ಗ್ರಬ್ ಈ ಹೆಸರಲ್ಲೇ ಕೂರುತ್ತೆ) ತೆಗೆದು, ಉಳಿದ ಫೋಲ್ಡರನ್ನೂ ಅಳಿಸಿ, ಮೊದಲಿನ ಹಾಗೆ ಮಾಡಿಕೊಟ್ಟೆ. ಬೇರೆಯವರ ಮಿಷಿನ್ ಮೇಲೆ ನಮ್ ಪ್ರಯೋಗದ ಒಂದ್ ಗೆರೆನೂ ಬೀಳಬಾರದು ಅನ್ನೋದು ಅವತ್ತಿಂದ ನಾನು ಗಟ್ಟಿಯಾಗಿ ಹಿಡಿದುಕೊಂಡ ಮಾತು.

ಎರಡನೇ ಸಲ ಹೀಗ್ ಮಾಡ್ದೆ. ಲೈವ್ ಮಿಂಟಿಗೆ ಬೂಟ್ ಆಗಿ, ಇನ್‌ಸ್ಟಾಲರ್ ಮುಟ್ಟೋ ಮುಂಚೆ ಪಾರ್ಟಿಷನ್ ಮಾಡೋ ಜಿಪಾರ್ಟೆಡ್ ಟೂಲ್ ಓಪನ್ ಮಾಡಿ, ಒಳಗಿನ ಡಿಸ್ಕಿನ ಇಎಫ್ಐ ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ ಫ್ಲ್ಯಾಗ್ಸ್ ಅನ್ನೋ ಕಡೆ ಬೂಟ್ ಮತ್ತೆ ಇಎಸ್‌ಪಿ ಎರಡೂ ಟಿಕ್ ತೆಗೆದೆ. ಆಗ ಇನ್‌ಸ್ಟಾಲರ್ ಕಣ್ಣಿಗೆ ಕಾಣೋ ಇಎಫ್ಐ ಪಾರ್ಟಿಷನ್ ನಮ್ ಯುಎಸ್‌ಬಿಯಲ್ಲಿರೋದು ಒಂದೇ. ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಮಾಡೋ ಮುಂಚೆ ಮರೀದೇ ಆ ಎರಡೂ ಟಿಕ್ ವಾಪಸ್ ಹಾಕ್ಬೇಕು, ನಾನು ಅಂಗೈ ಮೇಲೆ ಪೆನ್ನಲ್ಲಿ ಬರ್ಕೊಂಡಿದ್ದೆ. ಹಿಂದಿನ ಕವರ್ ಬಿಚ್ಚೋಕೆ ಬರೋರು ಒಳಗಿನ ಡಿಸ್ಕನ್ನೇ ಕಿತ್ತಿಟ್ರೆ ಇನ್ನೂ ನಿಶ್ಚಿಂತೆ.

ಯುಎಸ್‌ಬಿ ಡ್ರೈವಲ್ಲಿ ಜಿಪಿಟಿ ಟೇಬಲ್ (ಪಾರ್ಟಿಷನ್‌ಗಳ ಪಟ್ಟಿ) ಮಾಡಿ ಮೊದಲಿಗೆ ಎಕ್ಸ್‌ಫ್ಯಾಟ್ ಪಾರ್ಟಿಷನ್ ದೊಡ್ಡದಾಗಿ ಇಟ್ಟೆ, ವಿಂಡೋಸಲ್ಲೂ ಫೈಲ್ ಹಾಕಿ ತೆಗೀಬೇಕಲ್ಲ, ಪೆನ್‌ಡ್ರೈವ್ ಆದ್ರೆ ಹಳೇ ವಿಂಡೋಸ್ ಮೊದಲ್ನೇ ಪಾರ್ಟಿಷನ್ ಮಾತ್ರ ನೋಡುತ್ತೆ. ಆಮೇಲೆ 512 ಎಂಬಿ ಫ್ಯಾಟ್32, ಇದೇ ಇಎಫ್ಐಗೆ. 1 ಎಂಬಿ ಬಯೋಸ್ ಗ್ರಬ್ ಅಂತ ಫ್ಲ್ಯಾಗ್ ಇರೋದು ಹಳೇ ಮಿಷಿನ್‌ಗಳಿಗೆ. ಮಿಕ್ಕಿದ್ದು 60 ಜಿಬಿ ಇಎಕ್ಸ್‌ಟಿ4, ಅದೇ ರೂಟ್, ಅಂದ್ರೆ ಸಿಸ್ಟಮ್ ಕೂರೋ ಜಾಗ. ಮಿಂಟ್ ಕೇಳೋದು ಕನಿಷ್ಠ 20 ಜಿಬಿ. ಯೂಸರ್ ಹೆಸರು ಕೇಳೋ ಕಡೆ ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಮಾಡೋ ಆಪ್ಷನ್ ಇರುತ್ತೆ, ಟಿಕ್ ಹಾಕ್ದೆ, ಬಸ್ಸಲ್ಲಿ ಕಳ್ಕೊಂಡ್ರೆ ಪ್ರಶ್ನೆಪತ್ರಿಕೆ ಇನ್ನೊಬ್ಬರ ಕೈಗೆ ಹೋಗಬಾರದು.

ಇನ್‌ಸ್ಟಾಲ್ ಆದ್ಮೇಲೆ ಇನ್ನೂ ಎರಡು ಕೆಲಸ. ಗ್ರಬ್-ಇನ್‌ಸ್ಟಾಲ್ ಕಮಾಂಡನ್ನ ರಿಮೂವಬಲ್ ಅನ್ನೋ ಆಪ್ಷನ್ ಕೊಟ್ಟು ಇನ್ನೊಂದ್ ಸಲ ಓಡಿಸ್ದೆ, ಆಗ ಇಎಫ್ಐ ಫೋಲ್ಡರ್ ಒಳಗಿನ ಬೂಟ್ ಫೋಲ್ಡರಲ್ಲೂ ಬೂಟ್‌ಲೋಡರ್ ಕೂರುತ್ತೆ. ನಮ್ಮನ್ನ ಯಾವತ್ತೂ ನೋಡಿರದ ಕಂಪ್ಯೂಟರ್ ಯುಎಸ್‌ಬಿ ಡ್ರೈವಲ್ಲಿ ಹುಡುಕೋದು ಆ ಜಾಗದಲ್ಲೇ. ಎರಡನೇದು ಗ್ರಬ್-ಪಿಸಿ-ಬಿನ್ ಪ್ಯಾಕೇಜ್ ಹಾಕಿ ಹಳೇ ಬಯೋಸಿಗೂ ಗ್ರಬ್ ಕೂರಿಸಿದ್ದು, ನಮ್ ಲ್ಯಾಬಿನ ಹಳೇ ಡೆಸ್ಕ್‌ಟಾಪ್ ಎದ್ದಿದ್ದು ಇದ್ರಿಂದಾನೇ. ಇದನ್ನ ಡ್ರೈವ್ ಹೆಸರು ಎರಡು ಸಲ ನೋಡ್ಕೊಂಡು ಕೊಡಿ, ತಪ್ಪಿದ್ರೆ ಒಳಗಿನ ಡಿಸ್ಕಿನ ಬೂಟ್ ಹೋಗುತ್ತೆ.

ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್‌ಲೋಡರನ್ನ ತಡೆಯೋ ಸೆಟ್ಟಿಂಗ್) ಆಫ್ ಮಾಡಿ ಅಂತ ಎಲ್ರೂ ಹೇಳ್ತಾರೆ, ನಾನ್ ಹೇಳಲ್ಲ. ಮಿಂಟಿನ ಬೂಟ್‌ಲೋಡರಿಗೆ ಸಹಿ ಇದೆ, ಅದು ಆನ್ ಇದ್ರೂ ಬಹುಪಾಲು ಕಡೆ ಬೂಟ್ ಆಗುತ್ತೆ. ಆಫೀಸ್ ಲ್ಯಾಪ್‌ಟಾಪಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಇದ್ದು ನೀವು ಸೆಕ್ಯೂರ್ ಬೂಟ್ ಬದಲಾಯಿಸಿದ್ರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದು ಯಾರ ಹತ್ರ ಇದೆ ಅಂತ ಆಮೇಲೆ ಹುಡುಕ್ತಾ ಕೂರ್ಬೇಕಾಗುತ್ತೆ.

ಇನ್ನೊಂದು ನಮ್ ಕ್ಲರ್ಕ್ ಮೇಡಮ್ ಕಂಡುಹಿಡಿದಿದ್ದು. "ಸಾರ್, ನೀವ್ ಕೂತು ಹೋದ್ಮೇಲೆ ಗಡಿಯಾರ ಹಿಂದೆ ಹೋಗುತ್ತೆ ನೋಡಿ" ಅಂದ್ರು. ನಿಜ, ವಿಂಡೋಸಲ್ಲಿ ಸರಿಯಾಗಿ ಐದೂವರೆ ಗಂಟೆ ಹಿಂದೆ. ಲಿನಕ್ಸ್ ಕಂಪ್ಯೂಟರಿನ ಗಡಿಯಾರದಲ್ಲಿ ಯುಟಿಸಿ (ನಮ್ಮ ಟೈಮಿಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಟೈಮ್) ಬರೆದಿಡುತ್ತೆ, ವಿಂಡೋಸ್ ಅದನ್ನೇ ನಮ್ಮೂರ ಟೈಮ್ ಅಂದ್ಕೊಳುತ್ತೆ. ಟೈಮ್‌ಡೇಟ್‌ಸಿಟಿಎಲ್ ಕಮಾಂಡಲ್ಲಿ ಲೋಕಲ್ ಆರ್‌ಟಿಸಿ 1 ಅಂತ ಮಾಡಿದ್ಮೇಲೆ ನಿಂತು ಹೋಯ್ತು. ಎಫ್‌ಎಸ್‌ಟ್ಯಾಬ್ ಅನ್ನೋ ಸೆಟ್ಟಿಂಗ್ ಫೈಲಲ್ಲಿ ನೋಎಟೈಮ್ (ಫೈಲ್ ಓದಿದಾಗೆಲ್ಲ ಟೈಮ್ ಬರೆಯಬೇಡ ಅಂತ) ಸೇರಿಸ್ದೆ, ರ‍್ಯಾಮ್ ಸಾಲದಾಗ ಬಳಕೆಯಾಗೋ ಸ್ವಾಪ್ ಫೈಲ್ ತೆಗೆದುಹಾಕ್ದೆ, ಡ್ರೈವಿನ ಮೇಲೆ ಬರೆಯೋದು ಕಮ್ಮಿ ಆಗ್ಲಿ ಅಂತ. ಎನ್ವಿಡಿಯಾ ಡ್ರೈವರ್ ಹಾಕೋಕೆ ಹೋಗಿಲ್ಲ, ಎಲ್ಲಾ ಮಿಷಿನಲ್ಲೂ ಓಡಬೇಕಲ್ಲ.

ಕನ್ನಡಕ್ಕೆ ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸೋ ಪ್ರೋಗ್ರಾಂ) ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದ್ರೆ ಕಗಪ ಕೀಬೋರ್ಡ್ ಲೇಔಟ್ ಸಿಗುತ್ತೆ, ನುಡಿಯಲ್ಲಿ ಪಳಗಿದ ಬೆರಳಿಗೆ ಹೆಚ್ಚು ಕಮ್ಮಿ ಅದೇ. ಗುಬ್ಬಿ, ನವಿಲು ಎರಡೂ ಫಾಂಟ್ ಸಿಗ್ತವೆ, ಪ್ರಶ್ನೆಪತ್ರಿಕೆಗೆ ನನಗೆ ಗುಬ್ಬಿನೇ ಇಷ್ಟ. ಮೊನ್ನೆ ಬಿಆರ್‌ಸಿಯಲ್ಲಿ ಕರೆಂಟ್ ಹೋಗಿ ಬಂದಾಗ ಅವರ ಕಂಪ್ಯೂಟರ್ ವಿಂಡೋಸ್ ಮೇಲೇ ಏಳದೆ ಕೂತಿತ್ತು, ನಾನು ಎಸ್‌ಎಸ್‌ಡಿ ಚುಚ್ಚಿ ಎಫ್12 ಒತ್ತಿ ಎಬ್ಬಿಸಿ, ಹತ್ತನೇ ಕ್ಲಾಸಿನ ಪತ್ರಿಕೆ ಮುಗಿಸಿ ಪ್ರಿಂಟ್ ತೆಗೆದುಕೊಂಡು, ಐದು ಇಪ್ಪತ್ತರ ಬಸ್ಸಿಗೆ ಬಂದೆ.