ಹಾಲಿನಂಥ ದ್ರವದಲ್ಲಿ ಬೆಳಕು ಎಷ್ಟು ಚೆದುರುತ್ತದೆ: ನಾನು ಅಳೆದ ಬಗೆ

ಮೈಯೊಳಗೆ ಬೆಳಕು ಬಿಟ್ಟು ನೋಡುವ ಉಪಕರಣವನ್ನು ಮೊದಲ ದಿನವೇ ಮನುಷ್ಯರ ಮೇಲೆ ಇಡೋಕೆ ಆಗಲ್ಲ. ಅದಕ್ಕೇ ಟಿಶ್ಯೂ ಫ್ಯಾಂಟಮ್ ಬೇಕು, ಅಂದರೆ ಬೆಳಕಿನ ಮಟ್ಟಿಗೆ ಮೈಯ ಅಂಗಾಂಶದ ಹಾಗೇ ನಡೆದುಕೊಳ್ಳುವ ನಕಲಿ ವಸ್ತು. ನಾನು ತೆಗೆದುಕೊಂಡದ್ದು 20% ಇಂಟ್ರಾಲಿಪಿಡ್, ಅಂದರೆ ಬಾಯಲ್ಲಿ ಊಟ ಮಾಡಲಾಗದ ರೋಗಿಗಳಿಗೆ ರಕ್ತನಾಳದ ಮೂಲಕ ಕೊಡುವ ಸೋಯಾ ಎಣ್ಣೆಯ ಎಮಲ್ಷನ್ (ನೀರಿನಲ್ಲಿ ಎಣ್ಣೆಯ ಸಣ್ಣ ಹನಿಗಳು ಹರಡಿಕೊಂಡ ದ್ರವ). ನೋಡೋಕೆ ಥೇಟ್ ಹಾಲು.

ಕೆಲಸ ಸುಲಭ ಅಂದುಕೊಂಡಿದ್ದೆ. 633 ನ್ಯಾನೋಮೀಟರ್ ಕೆಂಪು ಲೇಸರ್, 1 ಸೆಂ.ಮೀ. ಕ್ಯುವೆಟ್ (ದ್ರವ ತುಂಬಿಡುವ ಗಾಜಿನ ಪುಟ್ಟ ಡಬ್ಬಿ), ಆಚೆ ಬದಿ ಬೆಳಕು ಅಳೆಯುವ ಡಿಟೆಕ್ಟರ್. ಈ ಬಣ್ಣವನ್ನು ಇಂಟ್ರಾಲಿಪಿಡ್ ಹೀರುವುದು ತೀರಾ ಕಡಿಮೆ, ಹಾಗಾಗಿ ನೇರ ದಾಟಿ ಬರುವ ಬೆಳಕು ಎಷ್ಟು ಇಳಿಯಿತೋ ಅಷ್ಟೂ ಚೆದುರಿದ್ದು ಎಂದು ಲೆಕ್ಕ.

ಮೊದಲ ಅಳತೆಯಲ್ಲೇ 100%ಕ್ಕಿಂತ ಜಾಸ್ತಿ ಬೆಳಕು ದಾಟಿದ ಹಾಗೆ ಬಂತು! ಅರ್ಧ ದಿನ ಡಿಟೆಕ್ಟರನ್ನೇ ಅನುಮಾನಿಸಿದೆ. ತಪ್ಪಿದ್ದದ್ದು ಹೋಲಿಕೆಯಲ್ಲಿ: ನಾನು ಖಾಲಿ ಕ್ಯುವೆಟ್ ಇಟ್ಟು ಹೋಲಿಸಿದ್ದೆ. ಖಾಲಿ ಇದ್ದಾಗ ಒಳಗಿನ ಎರಡೂ ಗಾಜಿನ ಮೈ ತಲಾ 4% ಬೆಳಕನ್ನು ವಾಪಸ್ ಕಳಿಸುತ್ತವೆ, ನೀರು ತುಂಬಿದರೆ ಅದು ಅರ್ಧ ಪರ್ಸೆಂಟೂ ಇರಲ್ಲ. ಡಿಸ್ಟಿಲ್ಡ್ ವಾಟರ್ ತುಂಬಿದ ಅದೇ ಕ್ಯುವೆಟ್ಟನ್ನು, ಅದೇ ಮುಖ ಲೇಸರ್ ಕಡೆ ಮಾಡಿ ಇಟ್ಟು ಹೋಲಿಸಿದ ಮೇಲೆ ಸರಿಹೋಯಿತು.

ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಇಂಟ್ರಾಲಿಪಿಡ್‌ನಲ್ಲಿ ಚೆದುರಿದ ಬೆಳಕು ಬಹುಪಾಲು ಮುಂದಕ್ಕೇ ಹೋಗುತ್ತದೆ. ಡಿಟೆಕ್ಟರ್ ಹತ್ತಿರ ಇದ್ದರೆ ಅದೂ ಒಳಗೆ ಬಿದ್ದು, ಚೆದುರಿಕೆ ಪ್ರತಿ ಸಲವೂ ಕಡಿಮೆಯೇ ಕಾಣುತ್ತದೆ. ಡಿಟೆಕ್ಟರನ್ನು 60 ಸೆಂ.ಮೀ. ದೂರಕ್ಕೆ ಸರಿಸಿ, ಮುಂದೆ 1 ಮಿ.ಮೀ. ರಂಧ್ರ ಇಟ್ಟೆ. ಇನ್ನೂ ದೂರ ಸರಿಸಿದರೂ ಅಂಕಿ ಬದಲಾಗಲಿಲ್ಲ, ಆಗಲೇ ನಂಬಿಕೆ ಬಂದದ್ದು.

ತೆಳು ಮಾಡುವಾಗ ಪೈಪೆಟ್ ನೆಚ್ಚಿಕೊಳ್ಳಲಿಲ್ಲ, ಎಲ್ಲ ತೂಕದ ಲೆಕ್ಕ. ಮೊದಲು 0.2% ಕೊಬ್ಬಿರುವ ದ್ರಾವಣ ಮಾಡಿಕೊಂಡೆ. 50 ಗ್ರಾಂ ನೀರಿಗೆ ಅದನ್ನು ಒಂದೊಂದೇ ಗ್ರಾಂ ಹಾಕಿ, ಗುಳ್ಳೆ ಏಳದ ಹಾಗೆ ಮೆಲ್ಲಗೆ ಕಲಕಿ, ಪ್ರತಿ ಸಲ ಅಳೆದೆ, ಲೇಸರ್ ಮುಚ್ಚಿದಾಗಿನ ರೀಡಿಂಗ್ ಕಳೆದೆ. ಬರೀ ನೀರಿನಲ್ಲಿ ಲೇಸರ್ ಹಾದಿ ಕಾಣುವುದೇ ಇಲ್ಲ. ಮೊದಲ ಗ್ರಾಂಗೇ ಕೂದಲಿನಷ್ಟು ತೆಳು ಕೆಂಪು ಗೆರೆ ಮೂಡುತ್ತದೆ. ಆ ಗೆರೆಯ ಅಂಚು ಕರಗಿ ಇಡೀ ಕ್ಯುವೆಟ್ ಕೆಂಪಗೆ ಹೊಳೆಯತೊಡಗಿತು ಅಂದರೆ ಬೆಳಕು ಹಲವು ಸಲ ಚೆದುರುತ್ತಿದೆ, ಅಲ್ಲಿಗೆ ನಿಲ್ಲಿಸಬೇಕು. ನಾನು ಏಳನೇ ಗ್ರಾಂಗೆ, ಸುಮಾರು 0.025%ಗೆ ನಿಲ್ಲಿಸಿದೆ.

ಒಂದೇ ರೀಡಿಂಗ್‌ನಿಂದ ಚೆದುರಿಕೆಯ ಗುಣಾಂಕ (ಒಂದು ಸೆಂ.ಮೀ. ಹಾದಿಯಲ್ಲಿ ಬೆಳಕು ಸರಾಸರಿ ಎಷ್ಟು ಸಲ ಚೆದುರುತ್ತದೆ ಎಂಬ ಅಂಕಿ) ತೆಗೆಯಬೇಡಿ. ದಾಟಿದ ಪಾಲಿನ ನ್ಯಾಚುರಲ್ ಲಾಗ್ ತೆಗೆದು, ಚಿಹ್ನೆ ತಿರುಗಿಸಿ, ಸಾಂದ್ರತೆಗೆ ಎದುರಾಗಿ ಗ್ರಾಫ್ ಹಾಕಿ ಇಳಿಜಾರು ನೋಡಿ. ಹೋಲಿಕೆಯ ಸಣ್ಣಪುಟ್ಟ ತಪ್ಪು ಗೆರೆಯನ್ನು ಮೇಲೆ ಕೆಳಗೆ ಸರಿಸುತ್ತದೆ, ಇಳಿಜಾರು ಹಾಗೇ ಇರುತ್ತದೆ. ನನಗೆ 1% ಕೊಬ್ಬಿಗೆ ಸೆಂ.ಮೀ.ಗೆ ಸುಮಾರು 38 ಬಂತು. ಮುಂದಕ್ಕೆ ಚೆದುರುವ ಗುಣವನ್ನು (ಎಲ್ಲ ನೇರ ಮುಂದಕ್ಕೇ ಹೋದರೆ 1, ಎಲ್ಲ ದಿಕ್ಕಿಗೂ ಸಮನಾಗಿ ಹೋದರೆ 0) 0.73 ಎಂದಿಟ್ಟರೆ ಕಡಿತದ ಚೆದುರಿಕೆ, ಅಂದರೆ ಆ ಮುಂದಕ್ಕೆ ಹೋಗುವ ಪಾಲು ಕಳೆದು ಉಳಿಯುವುದು, 10ರ ಆಸುಪಾಸು, ಮೈಯ ಹಲವು ಅಂಗಾಂಶಗಳಲ್ಲಿ ಕಾಣುವಷ್ಟೇ.

ತೆರೆದ ಬಾಟಲಿ ಬೇಗ ಕೆಡುತ್ತದೆ, ಹನಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊಸ ಬಾಟಲಿ ತೆಗೆದಾಗಲೆಲ್ಲ ಈ ಏಳು ಗ್ರಾಂ ಲೆಕ್ಕವನ್ನು ಮೊದಲಿಂದ ಮಾಡುತ್ತೇನೆ.